ರೈತರ ಸಂತೆಯಲ್ಲಿ ನಮ್ಮವ್ವನ ಕುಕ್ಕೆಗೆ ಜಾಗ ಎಲ್ಲಿ?

ಹಾಸ್ಟೆಲಿನ ಗೆಳೆಯರೆ,

ಈಚೆಗೆ ನಮ್ಮ ಪಟ್ಟಣದಲ್ಲಿ ಒಂದು ಹೊಸ ಸಂತೆ ಶುರುವಾಯಿತು. ಹೆಸರು ರೈತ ಸಂತೆ. ಭಾನುವಾರ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ. ಶುರುವಾದ ದಿನ ಶಾಮಿಯಾನ, ಮೈಕು, ಹಸಿರು ಶಾಲು, ರಿಬ್ಬನ್ನು, ಕತ್ತರಿ ಎಲ್ಲಾ ಇತ್ತು. ಭಾಷಣಕ್ಕೆ ಎದ್ದವರೆಲ್ಲ ಒಂದೇ ಮಾತು ಹೇಳಿದರು. ರೈತನ ಕೈಯಿಂದ ನೇರ ಗ್ರಾಹಕನ ಕೈಗೆ, ನಡುವೆ ದಲ್ಲಾಳಿ ಇಲ್ಲ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ದಲ್ಲಾಳಿ ಹಾಳಾಗಿ ಹೋಗಲಿ ಅಂತ ಯಾರಿಗೆ ತಾನೆ ಅನ್ನಿಸೋದಿಲ್ಲ?

ಎರಡನೇ ಭಾನುವಾರ ನಮ್ಮವ್ವ ಎರಡು ಕುಕ್ಕೆ ಸೊಪ್ಪು ಹೊತ್ತುಕೊಂಡು ಅಲ್ಲಿಗೆ ಹೋದಳು. ನಾನೇ ಹೋಗು ಅಂದಿದ್ದೆ. ಓದಿದ ಮಗನ ಮಾತು ಅಂತ ಮೊದಲ ಬಸ್ಸು ಹತ್ತಿದಳು. ಗೇಟಿನಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದವನು ಕೇಳಿದ: 'ಕಾರ್ಡು ತೋರ್ಸಮ್ಮ.'

ಯಾವ ಕಾರ್ಡು? ರೈತರ ಕಾರ್ಡು. ಕಾರ್ಡು ಬೇಕಾದರೆ ಪಹಣಿ ಬೇಕು. ಪಹಣಿ ಬೇಕಾದರೆ ಜಮೀನು ಬೇಕು. ಜಮೀನು ಬೇಕಾದರೆ ನಮ್ಮ ತಾತ ಬೇರೆ ಕೇರಿಯಲ್ಲಿ ಹುಟ್ಟಬೇಕಾಗಿತ್ತು.

'ಇಲ್ಲಿ ರೈತರು ಮಾತ್ರ ಮಾರಬೇಕು ಕಣಮ್ಮ. ನೀನು ಕೊಂಡ್ಕೊಂಡು ಬಂದು ಮಾರೋಳು. ದಲ್ಲಾಳಿ ಲೆಕ್ಕ.'

ನಮ್ಮವ್ವ ದಲ್ಲಾಳಿ! ಈ ಮಾತು ಕೇಳಿ ನನಗೆ ಮೊದಲು ನಗು ಬಂತು, ಆಮೇಲೆ ಎರಡು ದಿನ ನಿದ್ದೆ ಬರಲಿಲ್ಲ. ಅವಳು ಮಾರುವ ಸೊಪ್ಪಿನ ಕಥೆ ಕೇಳಿ. ನಮ್ಮೂರಿನ ಒಬ್ಬ ಜಮೀನ್ದಾರರ ಹಿತ್ತಲ ತೋಟದಲ್ಲಿ ದಂಟು, ಕೀರೆ, ಮೆಂತ್ಯ ಬೆಳೆಯುತ್ತಾರೆ. ಆ ಮಡಿ ಕಟ್ಟಿದವಳು ನಮ್ಮವ್ವ, ಕೂಲಿಗೆ. ಬೀಜ ಎರಚಿದವಳು, ಕಳೆ ಕಿತ್ತವಳು, ನೀರು ತಿರುವಿದವಳು ಅವಳೇ, ಕೂಲಿಗೆ. ಸೊಪ್ಪು ಕೈಗೆ ಬಂದಾಗ ಅದೇ ಮಡಿಯನ್ನು ಲೆಕ್ಕದ ಮೇಲೆ ಕೊಂಡವಳೂ ಅವಳೇ, ಕಾಸಿಗೆ. ರಾತ್ರಿ ಕಿತ್ತು, ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿ, ಮೂರು ಗಂಟೆಗೆ ಎದ್ದು ಹೊರಟವಳೂ ಅವಳೇ. ಆ ಸೊಪ್ಪಿನ ಬೇರಿನಿಂದ ತುದಿಯವರೆಗೆ ಇನ್ನೊಬ್ಬರ ಕೈ ಬಿದ್ದಿಲ್ಲ. ಆದರೂ ಅವಳು ರೈತಳಲ್ಲ. ಪಟ್ಟಣದಲ್ಲಿ ಮನೆ ಕಟ್ಟಿಸಿ, ಸಿಮೆಂಟ್ ಅಂಗಡಿ ಇಟ್ಟುಕೊಂಡು, ತಿಂಗಳಿಗೊಮ್ಮೆ ತೋಟದ ಗೇಟಿಗೆ ಕಾರು ತಂದು ನಿಲ್ಲಿಸುವವರು ರೈತರು. ಅವರ ಹೆಸರಿನ ಕಾರ್ಡು ಗೇಟಿನಲ್ಲಿ ಓಡುತ್ತದೆ. ಅವರ ಮಳಿಗೆಯಲ್ಲಿ ತಕ್ಕಡಿ ಹಿಡಿದು ನಿಂತವನು ಯಾರು ಗೊತ್ತೆ? ನಮ್ಮ ಕೇರಿಯ ಹುಡುಗ, ದಿನಗೂಲಿಗೆ. ಒಳಗೆ ಅವನು ಅವರ ಹೆಸರಲ್ಲಿ ಮಾರುತ್ತಾನೆ, ಹೊರಗೆ ನಮ್ಮವ್ವ ತನ್ನ ಹೆಸರಲ್ಲಿ ನಿಂತಿದ್ದಾಳೆ.

ಇದು ನಮ್ಮೂರಿನ ಗೇಟಿನವನ ಕಿತಾಪತಿ ಮಾತ್ರ ಅಲ್ಲ. ಈ ತರದ ಸಂತೆಗಳ ಹುಟ್ಟಿನಲ್ಲೇ ಈ ಗಂಟು ಇದೆ. ಪಂಜಾಬಿನವರು 1987ರಲ್ಲಿ ಅಪ್ನಿ ಮಂಡಿ ಅಂತ ಶುರು ಮಾಡಿದರು. ಆಗಿನ ಆಂಧ್ರದಲ್ಲಿ 1999ರ ಜನವರಿಯಲ್ಲಿ ರೈತು ಬಜಾರ್ ಬಂತು. ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಕರುಣಾನಿಧಿ ಸರ್ಕಾರ ಮಧುರೈಯಲ್ಲಿ ಮೊದಲ ಉಳವರ್ ಸಂದೈ ತೆರೆಯಿತು. ಒಳ್ಳೆಯ ಕೆಲಸವೇ, ಸುಳ್ಳು ಹೇಳಬಾರದು. ಸಣ್ಣ ಹಿಡುವಳಿಯವನಿಗೆ ಮಂಡಿ ಕಮಿಷನ್ನು, ತೂಕದ ಮೋಸ ತಪ್ಪಿತು. ಪಟ್ಟಣದ ಬಡವನಿಗೂ ನಾಲ್ಕು ಕಾಸು ಕಡಿಮೆಗೆ ತರಕಾರಿ ಸಿಕ್ಕಿತು. ಆದರೆ ಒಳಗೆ ಕೂರಬೇಕಾದವನಿಗೆ ಅಧಿಕಾರಿ ಜಮೀನು, ಬೆಳೆ ನೋಡಿ ಬರೆದುಕೊಟ್ಟ ಗುರುತಿನ ಚೀಟಿ ಬೇಕು. ವ್ಯಾಪಾರಿ ರೈತನ ವೇಷ ಹಾಕಿಕೊಂಡು ನುಗ್ಗದಿರಲಿ ಅಂತ ಆ ಚೀಟಿ ಮಾಡಿದರು. ವ್ಯಾಪಾರಿ ನುಗ್ಗುವ ದಾರಿ ಹೇಗೂ ಹುಡುಕಿಕೊಂಡ. ಚೀಟಿ ತಡೆದದ್ದು ಚೀಟಿ ಇಲ್ಲದವರನ್ನು ಮಾತ್ರ.

ರೈತ ಅಂದರೆ ಯಾರು? ಇದು ಪರೀಕ್ಷೆಯ ಪ್ರಶ್ನೆ ಅಂತಲೇ ತಿಳಿದುಕೊಳ್ಳಿ. 2007ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ರೈತ ನೀತಿ ತಂದಿತು. ಸ್ವಾಮಿನಾಥನ್ ಅವರ ಆಯೋಗದ ವರದಿಗಳಿಂದ ಬಂದ ನೀತಿ ಅದು. ಅದರಲ್ಲಿ ರೈತ ಅಂದರೆ ಜಮೀನಿನ ಮಾಲೀಕ ಮಾತ್ರ ಅಲ್ಲ. ಗೇಣಿಗೆ, ಪಾಲಿಗೆ ಮಾಡುವವನು, ಕೃಷಿ ಕೂಲಿ, ಕುರಿ ಕೋಳಿ ಸಾಕುವವನು, ಮೀನು ಹಿಡಿಯುವವನು ಎಲ್ಲರೂ ರೈತರೇ ಅಂತ ಬರೆದಿದ್ದಾರೆ. ಓದಿದರೆ ಕಣ್ಣೀರು ಬರಬೇಕು, ಅಷ್ಟು ಚೆಂದ. ಆದರೆ ದುಡ್ಡು ಕೊಡುವ ಹೊತ್ತಿಗೆ ರೈತ ಮತ್ತೆ ಪಹಣಿಗೇ ಬಂದು ನಿಲ್ಲುತ್ತಾನೆ. 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ, ಜಮೀನಿದ್ದ ಕುಟುಂಬಕ್ಕೆ ಮಾತ್ರ. ನಮ್ಮ ರಾಜ್ಯದಲ್ಲಿ ಕೊಡುವ ರೈತರ ಐಡಿ ನಂಬರೂ ಭೂ ದಾಖಲೆಗೆ ಹೊಂದಿಕೊಂಡೇ ಇದೆ.

ಇನ್ನು ಆ ಜಮೀನು ಯಾರ ಹತ್ತಿರ ಇದೆ? 2011ರ ಜನಗಣತಿಯಲ್ಲಿ ದೇಶದ ನೂರು ಜನರಲ್ಲಿ ಹದಿನಾರಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು, ಕರ್ನಾಟಕದಲ್ಲಿ ಹದಿನೇಳಕ್ಕಿಂತ ಹೆಚ್ಚು. 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಎಕರೆ ಸಾಗುವಳಿ ಭೂಮಿಯಲ್ಲಿ ನಮ್ಮವರ ಕೈಯಲ್ಲಿರುವುದು ಒಂಬತ್ತು ಎಕರೆಗೂ ಕಡಿಮೆ. 1974ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅಂತ ಗೋಡೆಗೆಲ್ಲ ಬರೆದರು. ಗೇಣಿದಾರನಿಗೆ ಭೂಮಿ ಸಿಕ್ಕಿತು. ನಮ್ಮಲ್ಲಿ ಬಹಳ ಮಂದಿ ಗೇಣಿದಾರರೂ ಆಗಿರಲಿಲ್ಲವಲ್ಲ, ಜೀತ ಮತ್ತು ಕೂಲಿ. ಉತ್ತವನು ಹೊಲದೊಡೆಯನ ಆಳಾಗಿಯೇ ಉಳಿದ. ಈಗ 2020ರಲ್ಲಿ ಅದೇ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತು ಹಾಕಿದ ಮೇಲೆ, ನೇಗಿಲು ಮುಟ್ಟದವನೂ ದುಡ್ಡಿದ್ದರೆ ಕೃಷಿ ಭೂಮಿ ಕೊಳ್ಳಬಹುದು. ಅಂದರೆ ಪಟ್ಟಣದ ಸಾಹುಕಾರ ಒಂದು ರಿಜಿಸ್ಟ್ರೇಷನ್ನಿನಲ್ಲಿ ರೈತನಾಗಬಲ್ಲ. ನಮ್ಮವ್ವ ನಲವತ್ತು ವರ್ಷ ಕಳೆ ಕಿತ್ತರೂ ಆಗಲಾರಳು.

ಹಾಗಾದರೆ ಹಳೆಯ ಸಂತೆಯೇ ಸ್ವರ್ಗವೆ? ಅದನ್ನೂ ನೋಡೋಣ.

ನಮ್ಮ ಕಡೆ ಊರಿನ ಹೆಸರಿನಲ್ಲೇ ಸಂತೆ ಇದೆ. ಸಂತೇಮರಹಳ್ಳಿ, ಸಂತೆಬಾಚಹಳ್ಳಿ, ಸಂತೆಬೆನ್ನೂರು. ವಾರಕ್ಕೊಂದು ದಿನ ಸುತ್ತಲ ಹಳ್ಳಿಯೆಲ್ಲ ಒಂದು ಬಯಲಿಗೆ ಬಂದು ಬೀಳುತ್ತದೆ. ಸಂತೆಯಲ್ಲಿ ಜಾತಿ ಇಲ್ಲ, ಎಲ್ಲರೂ ಒಂದೇ ಅಂತ ಬರೆಯುವ ಮಹನೀಯರು ಇದ್ದಾರೆ. ಅವರು ಸಂತೆಗೆ ಚೀಲ ಹಿಡಿದು ಬಂದವರು, ಕುಕ್ಕೆ ಹಿಡಿದು ಬಂದವರಲ್ಲ. ನೀವು ನಿಮ್ಮ ಹೋಬಳಿಯ ಸಂತೆಗೆ ಹೋಗಿ ಒಂದು ಸಲ ಸುಮ್ಮನೆ ನಿಂತು ನೋಡಿ. ನಡುವೆ ಎತ್ತರದ ಕಟ್ಟೆ, ಶೀಟು ಹೊದಿಸಿದ ಸಾಲು, ಅಲ್ಲಿ ಯಾರಿದ್ದಾರೆ? ದಿನಸಿ, ಬಟ್ಟೆ, ಬೆಲ್ಲ. ಅದರಾಚೆ ತರಕಾರಿ ಸಾಲಿನಲ್ಲಿ ಯಾರಿದ್ದಾರೆ? ಕೊನೆಗೆ ಮೋರಿಯ ಪಕ್ಕ, ಬಸ್ಸು ತಿರುಗುವ ಧೂಳಿನಲ್ಲಿ, ಕರಿಮೀನು, ಪೊರಕೆ, ಮೊರ, ಚಾಪೆ, ಚಪ್ಪಲಿ, ಒಂದೆರಡು ಕುಕ್ಕೆ ಸೊಪ್ಪು. ಯಾರೂ ಬೋರ್ಡು ಹಾಕಿಲ್ಲ. ಬೋರ್ಡಿನ ಅಗತ್ಯವೇ ಇಲ್ಲ. ಊರು ಹೇಗೆ ಕಟ್ಟಿದೆಯೋ ಸಂತೆಯೂ ಹಾಗೇ ಕಟ್ಟಿದೆ. ನಡುವೆ ಊರು, ತುದಿಯಲ್ಲಿ ಕೇರಿ. ಮಳೆ ಬಂದರೆ ಮೊದಲು ನೆನೆಯುವುದು ಕೇರಿ.

ಇನ್ನೊಂದು ಇದೆ, ಇದನ್ನು ನಮ್ಮವ್ವನೇ ನನಗೆ ಹೇಳಿಕೊಟ್ಟದ್ದು. 'ಹಸೀದು ಕೊಂಡ್ಕತಾರೆ ಮಗಾ, ಬೇಯ್ಸಿದ್ದು ಕೊಳ್ಳಾಕಿಲ್ಲ.' ಸೊಪ್ಪು ನಡೆಯುತ್ತದೆ, ಮನೆಗೆ ಹೋಗಿ ತೊಳೆದರೆ ಸೊಪ್ಪಿನ ಜಾತಿ ಹೋಗುತ್ತದೆ. ಹಸಿ ಕಡಲೆಕಾಯಿ ನಡೆಯುತ್ತದೆ. ಅದನ್ನೇ ಬೇಯಿಸಿ ಉಪ್ಪು ಹಾಕಿದರೆ ನಡೆಯುವುದಿಲ್ಲ. ನಮ್ಮ ಕೇರಿಯ ಒಬ್ಬ ಹೆಂಗಸು ಸಂಘದ ಸಾಲ ತೆಗೆದು ಸಂತೆಯಲ್ಲಿ ಇಡ್ಲಿ ಇಟ್ಟಳು. ಮೊದಲ ವಾರ ಹತ್ತು ಗಂಟೆಗೆ ಪಾತ್ರೆ ಖಾಲಿ. ಎರಡನೇ ವಾರ ಯಾರೋ ಒಬ್ಬ ಪುಣ್ಯಾತ್ಮ ತಟ್ಟೆ ಹಿಡಿದವರ ಮಧ್ಯೆ ನಿಂತು 'ಇವಳು ಯಾವ ಕೇರಿಯೋಳು ಅಂತ ವಿಚಾರಿಸಿದ್ರಾ?' ಅಂದ. ಅಷ್ಟೇ. ಬೈಗುಳ ಇಲ್ಲ, ಹೊಡೆತ ಇಲ್ಲ, ಗಲಾಟೆ ಇಲ್ಲ. ಮೂರನೇ ವಾರ ಅವಳು ಪಾತ್ರೆ ತೊಳೆದಿಟ್ಟು ಕೂಲಿಗೆ ಹೋದಳು. ಸಾಲದ ಕಂತು ಮಾತ್ರ ಇನ್ನೂ ಕಟ್ಟುತ್ತಿದ್ದಾಳೆ.

ಹನ್ನೊಂದು ರಾಜ್ಯಗಳ 565 ಹಳ್ಳಿಗಳಲ್ಲಿ ವಿಚಾರಿಸಿ 2006ರಲ್ಲಿ ಒಂದು ಅಧ್ಯಯನ ಪುಸ್ತಕವಾಗಿ ಬಂತು, ಗ್ರಾಮೀಣ ಭಾರತದ ಅಸ್ಪೃಶ್ಯತೆ ಕುರಿತು. ಸುಖದೇವ್ ಥೋರಟ್, ಘನಶ್ಯಾಮ್ ಷಾ ಮೊದಲಾದವರು ಮಾಡಿದ್ದು. ಸುಮಾರು ಮೂರು ಹಳ್ಳಿಗೊಂದರಲ್ಲಿ ದಲಿತರು ಸ್ಥಳೀಯ ಮಾರುಕಟ್ಟೆಯಲ್ಲಿ ಮಾರುವುದಕ್ಕೆ ಅಡ್ಡಿ ಇದೆ. ಹಾಲಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ, ಹತ್ತಿರ ಹತ್ತಿರ ಅರ್ಧದಷ್ಟು ಹಳ್ಳಿಗಳಲ್ಲಿ ನಮ್ಮವರ ಹಾಲು ಡೈರಿಗೆ ಬೇಡ. ಹಸುವಿಗೆ ಜಾತಿ ಇಲ್ಲ, ಕರೆದ ಕೈಗೆ ಇದೆ.

ದನದ ಮಾತು ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ನಿಷೇಧ ಕಾಯಿದೆ ಬಂದ ಮೇಲೆ ಮುದಿ ಎತ್ತನ್ನು ಹಿಡಿದು ಸಂತೆಗೆ ಬಂದವನು ಅದನ್ನೇ ಹಿಡಿದು ವಾಪಸು ಹೋಗುತ್ತಾನೆ. ಮಾರಿದವನಿಗೆ ಭಯ, ಕೊಂಡವನಿಗೆ ಜೈಲಿನ ಭಯ. ದನದ ಸಂತೆ ಸೊರಗಿದರೆ ಎಲ್ಲರಿಗಿಂತ ಮುಂಚೆ ಸೊರಗುವುದು ಚರ್ಮದ ಕೆಲಸದವನು. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಈಗ ದುಡ್ಡಿನ ಲೆಕ್ಕ. ಬಿ.ಕಾಂ. ಗೆಳೆಯರು ತಪ್ಪಿದ್ದರೆ ತಿದ್ದಬಹುದು. ಸಂತೆಯ ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜು ಕೂಗಿದವನು ಕೂಗಿದ್ದನ್ನು ಗಿಟ್ಟಿಸಬೇಕು, ಅದರ ಮೇಲೆ ಲಾಭ ಗಿಟ್ಟಿಸಬೇಕು. ನಮ್ಮ ಸಂತೆಯಲ್ಲಿ ಕುಕ್ಕೆಗೆ 10 ರೂಪಾಯಿ ಅಂತ ಪಂಚಾಯಿತಿಯ ಕಾಗದದಲ್ಲಿದೆ. ಆ ಕಾಗದ ಪಂಚಾಯಿತಿಯ ಬೀರುವಿನಲ್ಲಿದೆ. ಸಂತೆಯಲ್ಲಿ ವಸೂಲಿ ಕುಕ್ಕೆಗೆ 30. ಚೀಟಿ ಕೇಳಿದರೆ 'ಯಾಕೆ, ಕೋರ್ಟಿಗೆ ಹೋಗ್ತೀಯಾ?' ಎರಡು ಕುಕ್ಕೆಗೆ 20 ಕೊಡಬೇಕಾದಲ್ಲಿ 60. ವಾರಕ್ಕೆ 40 ಹೆಚ್ಚು. ವರ್ಷದ 52 ಸಂತೆಗೆ 2,080 ರೂಪಾಯಿ.

ಮಡಿ ಕೊಳ್ಳುವ ದುಡ್ಡು ಎಲ್ಲಿಂದ? ಸಂತೆಯ ಬೆಳಿಗ್ಗೆ ಬಡ್ಡಿಯವನು 900 ಕೊಡುತ್ತಾನೆ. ಸಂಜೆ 1,000 ತಗೊಳ್ಳುತ್ತಾನೆ. ಹನ್ನೆರಡು ಗಂಟೆಯ ಬಡ್ಡಿ 100 ರೂಪಾಯಿ. ಮಾರಲಿ ಬಿಡಲಿ, ಮಳೆ ಹುಯ್ಯಲಿ ಬಿಡಲಿ. 52 ವಾರಕ್ಕೆ 5,200 ರೂಪಾಯಿ. ಅಂದರೆ ಅದೇ 900 ರೂಪಾಯಿಯನ್ನು ವರ್ಷದಲ್ಲಿ 52 ಹಗಲು ಇಟ್ಟುಕೊಂಡಿದ್ದಕ್ಕೆ 5,200 ಬಡ್ಡಿ! ಎರಡನ್ನೂ ಕೂಡಿಸಿದರೆ 7,280. ಜಮೀನಿದ್ದವನಿಗೆ ಸರ್ಕಾರ ವರ್ಷಕ್ಕೆ 6,000 ಕೊಡುತ್ತದೆ. ಜಮೀನಿಲ್ಲದ ನಮ್ಮವ್ವ ವರ್ಷಕ್ಕೆ 7,280 ಕೊಡುತ್ತಾಳೆ. ಈ ಲೆಕ್ಕವನ್ನು ನಾನು ನೋಟ್‌ಬುಕ್ಕಿನಲ್ಲಿ ಮಾಡಿ ಅವಳಿಗೆ ಓದಿ ಹೇಳಿದೆ. 'ಗೊತ್ತು ಬುಡು' ಅಂದಳು. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವನು ನಾನು.

ಕಾನೂನು ಇಲ್ಲವೆ ಅಂತ ಕೇಳುತ್ತೀರಿ. ಇದೆ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ವ್ಯಾಪಾರಿಗಳ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಎಬ್ಬಿಸಬೇಕಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಕಿತ್ತುಕೊಂಡ ಮಾಲು ಕೊಳೆಯುವಂಥದ್ದಾದರೆ ಅದೇ ದಿನ ವಾಪಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಪರಿಶಿಷ್ಟರಿಗೂ ಪಾಲು ಇರಬೇಕು. ಜನ ತಲೆತಲಾಂತರದಿಂದ ಸೇರುವ ಜಾಗಕ್ಕೆ ಸಹಜ ಮಾರುಕಟ್ಟೆ ಅಂತ ಹೆಸರೇ ಇಟ್ಟಿದ್ದಾರೆ. ಇಷ್ಟೆಲ್ಲ ಬರೆದು, ಅದು ಮಹಾನಗರಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿಯ ಗಡಿಗೆ ನಿಂತುಬಿಡುತ್ತದೆ. ಗ್ರಾಮ ಪಂಚಾಯಿತಿಯ ಸಂತೆಗೆ ಬರುವುದಿಲ್ಲ. ತಲೆತಲಾಂತರದ ಸಂತೆಗಳು ಇರುವುದು ಎಲ್ಲಿ ಸ್ವಾಮಿ? ಸಾಲದ ಕಥೆಯೂ ಹಾಗೇ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಬಡವರ ಬಂಧು ಅಂತ ಬಡ್ಡಿ ಇಲ್ಲದ ಸಾಲ ತಂದಿತು, 2,000ದಿಂದ 10,000ದವರೆಗೆ. 2020ರಲ್ಲಿ ಕೇಂದ್ರದವರು ಸ್ವನಿಧಿ ಅಂತ 10,000ದ ಮೊದಲ ಕಂತಿನಿಂದ ಶುರು ಮಾಡಿದರು. ಅದೂ ಪಟ್ಟಣದ ಬೀದಿಗೆ ಅಂತಲೇ ಹೊರಟದ್ದು. ನಮ್ಮ ಸಂತೆಯ ಬೆಳಗಿನ ಬಡ್ಡಿಯವನಿಗೆ ಇದರಿಂದ ಒಂದು ದಿನವೂ ನಷ್ಟವಾಗಿಲ್ಲ.

ಇನ್ನು ಇಡ್ಲಿಯ ಹೆಂಗಸಿನ ವಿಷಯ. ಸಂವಿಧಾನದ 17ನೇ ವಿಧಿ ಇದೆ. 1955ರ ನಾಗರಿಕ ಹಕ್ಕುಗಳ ಕಾಯಿದೆ ಇದೆ, ಅದರ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರ ವ್ಯಾಪಾರಕ್ಕೆ ಅಡ್ಡಿ ಮಾಡಿದರೆ ಅಪರಾಧ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಆರ್ಥಿಕ ಬಹಿಷ್ಕಾರವೂ ಅಪರಾಧ. ಆದರೆ ಇಡ್ಲಿ ತಟ್ಟೆ ಕೆಳಗಿಟ್ಟು ಎದ್ದುಹೋದವನನ್ನು ಯಾವ ಪೊಲೀಸು ಹಿಡಿದಾನು? ನನಗೆ ಹಸಿವಿಲ್ಲ ಅಂದರೆ ಮುಗಿಯಿತು. ಮಾರಬೇಡ ಅನ್ನುವವನನ್ನು ಕಾನೂನು ಹಿಡಿಯಬಹುದು, ಕೊಳ್ಳು ಅಂತ ಯಾರ ಕೈಯನ್ನೂ ಹಿಡಿದು ಎಳೆಯಲಾರದು. ಇದನ್ನು ಒಪ್ಪಿಕೊಂಡೇ ನಾವು ಮಾತಾಡಬೇಕು, ಇಲ್ಲದಿದ್ದರೆ ನಮ್ಮ ಸಭೆಗಳ ಭಾಷಣ ಕೂಡ ರಿಬ್ಬನ್ ಕತ್ತರಿಸಿದವರ ಭಾಷಣದ ಹಾಗೇ ಆಗುತ್ತದೆ.

ಸಂತೆಯನ್ನು ಆಯುಧ ಮಾಡುವುದು ಹೊಸದಲ್ಲ. 1928ರಲ್ಲಿ ಮುಂಬಯಿ ಸರ್ಕಾರ ನಮ್ಮ ಜನರ ಸ್ಥಿತಿ ನೋಡಲು ಸ್ಟಾರ್ಟ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಸಮಿತಿ ಮಾಡಿತ್ತು. ಬಾಬಾಸಾಹೇಬರು ಅದರ ಸದಸ್ಯರು. 1930ರ ಅದರ ವರದಿಯಲ್ಲಿ ಇದು ಸ್ಪಷ್ಟವಾಗಿದೆ: ನಮ್ಮವರು ಹಕ್ಕು ಕೇಳಿದ ಕೂಡಲೇ ಊರಿನ ದಾರಿ ಮುಚ್ಚುತ್ತಾರೆ, ಕೆಲಸ ನಿಲ್ಲಿಸುತ್ತಾರೆ, ಊರಿನ ಅಂಗಡಿಯವನು ಉಪ್ಪು ಅಕ್ಕಿ ಕೊಡುವುದಿಲ್ಲ. ಕಾರಣಕ್ಕೆ ದೊಡ್ಡದೇನೂ ಬೇಕಿಲ್ಲ, ಬಾವಿ ಮುಟ್ಟಿದ್ದು, ಒಳ್ಳೆ ಬಟ್ಟೆ ಹಾಕಿದ್ದು ಸಾಕು. ಅದೇ ಆಯುಧವನ್ನು 2022ರ ಮಾರ್ಚಿಯಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳ ಮೇಲೆ ಎತ್ತಿದರು, ಇಲ್ಲಿ ಅವರಿಗೆ ಜಾಗ ಇಲ್ಲ ಅಂತ ಬ್ಯಾನರು ಕಟ್ಟಿದರು. ಆಗ ನಮ್ಮ ಕೆಲವು ಹುಡುಗರು 'ಅದು ಅವರ ವಿಷಯ, ನಮಗ್ಯಾಕೆ' ಅಂದದ್ದು ನನಗೆ ನೆನಪಿದೆ. ನಮ್ಮ ಸಂತೆಯ ಮೋರಿ ಪಕ್ಕದ ಸಾಲಿನಲ್ಲಿ ನಮ್ಮವ್ವನ ಎಡಕ್ಕೆ ಬಳೆ ಮಾರುವ ಸಾಬರ ಮುದುಕಿ, ಬಲಕ್ಕೆ ಕುಕ್ಕೆ ಮೊರದ ಕೊರಮರ ಹೆಂಗಸು. ಒಬ್ಬರು ನೀರಿಗೆ ಎದ್ದು ಹೋದರೆ ಇನ್ನೊಬ್ಬರು ಮಾಲು ಕಾಯುತ್ತಾರೆ. ಅಲ್ಲಿ ಯಾರೂ 'ನಮಗ್ಯಾಕೆ' ಅಂದದ್ದು ನಾನು ಕೇಳಿಲ್ಲ.

ಕೆಲವು ಗೆಳೆಯರು ವಾದ ಮಾಡುತ್ತಾರೆ, ಸಂತೆ ಅನ್ನೋದೇ ಊಳಿಗಮಾನ್ಯ ಕಾಲದ್ದು, ಹಾಳಾಗಲಿ ಬಿಡು, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವವನು ಜಾತಿ ಕೇಳುವುದಿಲ್ಲ ಅಂತ. ನಿಜ, ಕೇಳುವುದಿಲ್ಲ. ಆದರೆ ಅದರ ಮೆಟ್ಟಿಲ ಮೇಲೆ ಕುಕ್ಕೆ ಇಳಿಸಿ ನೋಡು. ಸಂತೆಯಲ್ಲಿ ಮೋರಿಯ ಪಕ್ಕವಾದರೂ ಒಂದು ಗಜ ನೆಲ ಇದೆ. ನಮ್ಮ ಅಜ್ಜಂದಿರು ರಾಗಿಯ ಕೂಲಿಗೆ, ಹಳೆ ಬಟ್ಟೆಯ ಜೀತಕ್ಕೆ ದುಡಿದ ಕಾಲದಲ್ಲಿ ರೊಕ್ಕ ಅಂತ ಕೈಗೆ ಬಂದದ್ದು ಸಂತೆಯಲ್ಲಿ. ಮೇಲಿಂದ ಎಸೆದರೂ ಅದು ನಾಣ್ಯ. ಗೌಡನ ಅಪ್ಪಣೆ ಇಲ್ಲದೆ ಉಪ್ಪು ಕೊಂಡುಕೊಳ್ಳುವ ಧೈರ್ಯ ಆ ನಾಣ್ಯದಿಂದ ಬಂತು. ಆದ್ದರಿಂದ ಸಂತೆಯನ್ನು ಬಿಟ್ಟುಕೊಡುವ ಮಾತಿಲ್ಲ. ಒಳಗೆ ಜಾಗ ಕೇಳುವ ಮಾತು.

ಒಳಗೆ ಜಾಗ ಅಂದರೆ, ರೈತ ಸಂತೆಯ ಕಾರ್ಡನ್ನು ಪಹಣಿಯಿಂದ ಬಿಡಿಸಬೇಕು. 2007ರ ನೀತಿಯಲ್ಲಿ ಸರ್ಕಾರವೇ ಬರೆದಂತೆ ಕೂಲಿಗೂ, ಪಾಲಿನವನಿಗೂ ಕಾರ್ಡು ಕೊಡಲಿ. ಆಗದ ಮಾತೇನಲ್ಲ, ರೈತು ಬಜಾರಿನಲ್ಲಿ ರೈತರ ಜೊತೆಗೆ ಹೆಂಗಸರ ಸ್ವಸಹಾಯ ಗುಂಪುಗಳಿಗೂ ಮಳಿಗೆ ಕೊಟ್ಟಿದ್ದಾರೆ. ಹಳೆ ಸಂತೆಯಲ್ಲಿ ಸುಂಕದ ದರ ಬೀರುವಿನಿಂದ ಹೊರಗೆ ಬಂದು ಗೋಡೆಗೆ ಏರಬೇಕು. ಜಾಗವನ್ನು ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಲಿ. ಒಂದು ವರ್ಷ ಬೆಲ್ಲದವನು ಮೋರಿಯ ಪಕ್ಕ ಕೂತು ನೋಡಲಿ, ಮೋರಿ ತಾನಾಗಿ ರಿಪೇರಿ ಆಗುತ್ತದೆ.

ಇದನ್ನೆಲ್ಲ ಕೇಳುವವರು ಯಾರು? ಇಲ್ಲಿ ನನ್ನದೇ ಒಂದು ಕಥೆ ಹೇಳಲೇಬೇಕು, ಹೇಳಲು ನಾಲಗೆ ಹೊರಳುವುದಿಲ್ಲ. ನಾನು ಮೊದಲ ಪಿಯುಸಿ. ಹಾಸ್ಟೆಲಿನಿಂದ ನಾಲ್ಕು ಜನ ಸೋಪು ತರಲು ಸಂತೆಗೆ ಹೋದೆವು. ಹೊಸ ಪ್ಯಾಂಟು ಹಾಕಿದ್ದೆ. ಆ ಪ್ಯಾಂಟಿನ ದುಡ್ಡು ಎಲ್ಲಿಂದ ಬಂತು ಅಂತ ಯೋಚನೆ ಕೂಡ ಇರಲಿಲ್ಲ. ಮೋರಿಯ ಕಡೆಯಿಂದ 'ಮಗಾ' ಅಂತ ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ಎರಡನೇ ಸಲ ಕೂಗಿದಳು. ಜೊತೆಯವನು 'ಯಾರ್ಲಾ ಅದು, ನಿನ್ನೇ ಕರೀತಾವ್ಳೆ' ಅಂದ. 'ನಮ್ಮೂರೋರು ಯಾರೋ' ಅಂದೆ. ಅವಳಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ. ಮೂರನೇ ಸಲ ಕೂಗಲಿಲ್ಲ. ಅವತ್ತು ಸಂಜೆ ನಮ್ಮೂರಿನವರೊಬ್ಬರು ಹಾಸ್ಟೆಲಿಗೆ ಬಂದು 50 ರೂಪಾಯಿ, ಒಂದು ಪೊಟ್ಟಣ ಕಡಲೆಪುರಿ ಕೊಟ್ಟು ಹೋದರು. 'ನಿಮ್ಮವ್ವ ಕೊಟ್ಟವ್ಳೆ.' ಆ ಪುರಿಯನ್ನು ರೂಮಿನವರೆಲ್ಲ ತಿಂದೆವು.

ಆಮೇಲೆ ಗೊತ್ತಾಯಿತು, ನನ್ನ ಜೊತೆ ಬಂದಿದ್ದ ಮೂವರಲ್ಲಿ ಇಬ್ಬರ ತಾಯಂದಿರೂ ಬೇರೆ ಸಂತೆಗಳಲ್ಲಿ ಕೂರುವವರೇ.

ಈಗ ನಮ್ಮ ಹಾಸ್ಟೆಲಿಗೇ ಬರೋಣ. ದಿನಕ್ಕೆ ಎರಡು ಹೊತ್ತು ಸಾರು ಕುಡಿಯುತ್ತೇವಲ್ಲ, ಅದರಲ್ಲಿ ತೇಲುವ ಬದನೆಕಾಯಿ ಯಾರದು? ಕೇಳಿದ್ದೀರಾ? ಕಂಟ್ರಾಕ್ಟರದು. ಟೆಂಡರ್ ಹಿಡಿದವನು ಮಂಡಿಯಲ್ಲಿ ಉಳಿದದ್ದನ್ನು ಗುಡಿಸಿ ತಂದು ಹಾಕುತ್ತಾನೆ, ಬಾಡಿದ್ದು, ಹುಳು ಬಿದ್ದದ್ದು. ದುಡ್ಡು ನಮ್ಮ ಹೆಸರಿನದು, ಪರಿಶಿಷ್ಟರ ಹಾಸ್ಟೆಲಿನದು. ಅರ್ಧ ಮೈಲಿ ದೂರದಲ್ಲಿ ವಾರಕ್ಕೊಮ್ಮೆ ಪರಿಶಿಷ್ಟರ ಹೆಂಗಸರು ತಾಜಾ ಸೊಪ್ಪು ಇಟ್ಟುಕೊಂಡು ಮೋರಿಯ ಪಕ್ಕ ಕೂತಿರುತ್ತಾರೆ, ಸಂಜೆ ಮಾರದೆ ಉಳಿದದ್ದನ್ನು ದನಕ್ಕೆ ಹಾಕುತ್ತಾರೆ. ಊರಿನವರು ನಮ್ಮಿಂದ ಕೊಳ್ಳುವುದಿಲ್ಲ ಅಂತ ನಾನು ಇಷ್ಟು ಹೊತ್ತು ಬರೆದೆ. ನಾವು ಕೊಳ್ಳುತ್ತಿದ್ದೇವಾ?

ಹೋದ ತಿಂಗಳು ನಾವು 38 ಜನ ಸಹಿ ಮಾಡಿ ವಾರ್ಡನ್‌ರಿಗೆ ಒಂದು ಅರ್ಜಿ ಕೊಟ್ಟೆವು. ಬುಧವಾರದ ಸೊಪ್ಪು ತರಕಾರಿಯನ್ನು ಸಂತೆಯ ಹೆಂಗಸರಿಂದ ನೇರವಾಗಿ ಕೊಳ್ಳಬೇಕು, ತೂಕಕ್ಕೆ ನಮ್ಮ ಇಬ್ಬರು ಹುಡುಗರು ಬರುತ್ತಾರೆ, ಇಡ್ಲಿಯ ಹೆಂಗಸಿಗೆ ತಿಂಗಳಿಗೊಂದು ಭಾನುವಾರದ ತಿಂಡಿ ವಹಿಸಬೇಕು ಅಂತ. ವಾರ್ಡನ್ ಓದಿ, ಕನ್ನಡಕ ತೆಗೆದು, 'ಅವರ ಹತ್ರ ಜಿಎಸ್‌ಟಿ ಬಿಲ್ ಇದೆಯೇನಯ್ಯಾ?' ಅಂದರು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ ಸಾರ್, ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮೇಲೆ ಕೇಳ್ತೀನಿ' ಅಂದರು.

ಮೂರು ವಾರ ಆಯಿತು. ಮೇಲಿನಿಂದ ಉತ್ತರ ಬಂದಿಲ್ಲ, ಬದನೆಕಾಯಿ ಮಾತ್ರ ತಪ್ಪದೆ ಬರುತ್ತಿದೆ. ಬೇರೆ ಹಾಸ್ಟೆಲಿನವರೂ ಇಂಥ ಅರ್ಜಿ ಕೊಟ್ಟರೆ ಮೇಲಿನವರಿಗೆ ನಾಲ್ಕು ಕಡೆಯಿಂದ ಕೇಳಿಸುತ್ತದೆ. ಅರ್ಜಿಯ ನಕಲು ನನ್ನ ಹತ್ತಿರ ಇದೆ. ಬೇಕಾದವರು ಬುಧವಾರ ಸಂತೆಗೆ ಬನ್ನಿ. ಬಸ್ಸು ತಿರುಗುವ ಜಾಗ, ಮೋರಿಯ ಪಕ್ಕ, ಬಳೆ ಮುದುಕಿಗೂ ಕೊರಮರ ಹೆಂಗಸಿಗೂ ನಡುವೆ ಎರಡು ಕುಕ್ಕೆ ಸೊಪ್ಪು ಇಟ್ಟುಕೊಂಡು ಕೂತಿರುವವಳು ನಮ್ಮವ್ವ. ನಾಲ್ಕು ಗಂಟೆಯ ಮೇಲೆ ನಾನೂ ಅಲ್ಲೇ ಇರುತ್ತೇನೆ.